ಅವಳ ಹೆಸರಿನಲ್ಲಿದ್ದ ಟ್ರ್ಯಾಕ್ಟರ್

ಬಾನೆಟ್ ಎತ್ತಿ ಇಂಜಿನ್ ಮೇಲೆ ಅಂಗೈ ಇಟ್ಟೆ. ಬಿಸಿಯಾಗಿತ್ತು.

ಸಿಕ್ಕಿಬಿದ್ದರು ಅಂದುಕೊಂಡೆ. ಹಳೇ ಟ್ರ್ಯಾಕ್ಟರ್ ಮಾರುವವರ ಮೊದಲ ಮೋಸ ಇದೇ. ತಣ್ಣಗಿದ್ದಾಗ ಏಳದ ಗಾಡಿಯನ್ನು ಗಿರಾಕಿ ಬರುವ ಅರ್ಧ ತಾಸು ಮುಂಚೆ ಹೇಗೋ ಎಬ್ಬಿಸಿ, ಕಾಯಿಸಿ, ಆರಿಸಿಟ್ಟಿರುತ್ತಾರೆ. ನಾವು ಹೋಗಿ ಕೀಲಿ ತಿರುವಿದರೆ ಒಂದೇ ಏಟಿಗೆ ಶುರುವಾಗುತ್ತದೆ. ಆಮೇಲೆ ಚಳಿಗಾಲದ ಬೆಳಗ್ಗೆ ಅದನ್ನು ತಳ್ಳುತ್ತಾ ನಿಲ್ಲುವವರು ನಾವು.

"ಇಂಜಿನ್ ಬಿಸಿ ಅದ," ಅಂದೆ, ಕಳ್ಳನನ್ನು ಹಿಡಿದ ಪೊಲೀಸಿನ ದನಿಯಲ್ಲಿ.

"ಬಿಸಿ ಇರ್ದೇ ಏನ್ ಮಾಡ್ತದ್ರಿ? ಮುಂಜಾನಿಂದ ಮೂರು ಎಕರೆ ಹರಗಿ ಬಂದೇನಿ."

ತಿರುಗಿ ನೋಡಿದೆ. ಚೂಡಿದಾರದ ಮೇಲೆ ಗಂಡಸಿನ ತುಂಬುತೋಳಿನ ಅಂಗಿ, ತಲೆಗೆ ಬಿಗಿದು ಕಟ್ಟಿದ ಓಢಣಿ. ಹುಬ್ಬಿನ ತುಂಬ ಎರೆಮಣ್ಣಿನ ಧೂಳು ಕೂತಿತ್ತು. ಆ ಧೂಳಿನ ಕೆಳಗೆ ಎರಡು ಕಣ್ಣು ನನ್ನನ್ನು ತಲೆಯಿಂದ ಚಪ್ಪಲಿಯವರೆಗೆ ಅಳೆಯುತ್ತಿದ್ದವು. ಗಾಡಿ ನೋಡಲು ಬಂದವನು ನಾನು, ಆದರೆ ತಪಾಸಣೆ ಆಗುತ್ತಿದ್ದದ್ದು ನನ್ನದು.

"ಡ್ರೈವರ್ ಎಲ್ಲಿ?" ಅಂತ ಕೇಳಿದೆ.

"ನಿಮ್ಮ ಮುಂದೇ ನಿಂತಾಳ."

ಅವಳು ನಿಂಬರ್ಗಾದ ಭುವನೇಶ್ವರಿ. ತಂದೆ ತೀರಿಹೋಗಿ ಎರಡು ವರ್ಷವಾಗಿತ್ತು; ಅಂದಿನಿಂದ ಆ ಕೆಂಪು ಟ್ರ್ಯಾಕ್ಟರನ್ನು ತಾನೇ ಹೊಡೆದು ತನ್ನ ಹೊಲವನ್ನೂ ಅಕ್ಕಪಕ್ಕದವರ ಹೊಲವನ್ನೂ ಹರಗುತ್ತಿದ್ದಳು. ಈಗ ಅದನ್ನು ಮಾರಿ, ಊರಲ್ಲೇ ತೊಗರಿ ಬೇಳೆ ಮಾಡುವ ಸಣ್ಣ ಮಿಷನ್ ಹಾಕುವ ವಿಚಾರದಲ್ಲಿದ್ದಳು. ಇದಿಷ್ಟನ್ನೂ ನನಗೆ ಹೇಳಿ ಕಳಿಸಿದವನು ಆಳಂದದ ದಲಾಲ ದತ್ತಪ್ಪ. ದಲಾಲ ಹೇಳಿದ ಅಂದಮೇಲೆ ನಾನು ಅರ್ಧವನ್ನು ಅಲ್ಲೇ ಕಳೆದಿದ್ದೆ.

ನನಗೆ ಅನುಮಾನ ಜಾಸ್ತಿ. ಹಾಲಿನವನ ಲೀಟರು, ಬಸ್ ಸ್ಟ್ಯಾಂಡಿನ ಗಡಿಯಾರ, ಹೊಗಳುವವರ ಬಾಯಿ, ಯಾವುದನ್ನೂ ನಂಬುವವನಲ್ಲ. ಹುಟ್ಟಿನಿಂದ ಹೀಗಿರಲಿಲ್ಲ. ಮೂರು ವರ್ಷದ ಹಿಂದೆ ಜೇವರ್ಗಿ ಕಡೆಯ ಒಬ್ಬರಿಂದ ಒಂದು ಹಳೇ ಟ್ರ್ಯಾಕ್ಟರ್ ತಂದಿದ್ದೆ. ಮೀಟರಿನಲ್ಲಿ ಸಾವಿರದ ಎಂಟುನೂರು ತಾಸು ಓಡಿದೆ ಅಂತ ಇತ್ತು. ಕಬ್ಬಿನ ಸುಗ್ಗಿಯ ನಡುವೆ ಇಂಜಿನ್ ಹಿಡಿದುಕೊಂಡಿತು. ಅಫಜಲಪುರದ ಫಿಟ್ಟರ್ ಮೆಹಬೂಬ ಅದನ್ನು ಬಿಚ್ಚಿ ನೋಡಿ, "ಮಹೇಶಣ್ಣ, ಇದು ಒಂಬತ್ತು ಸಾವಿರಕ್ಕ ಕಮ್ಮಿ ಓಡಿಲ್ಲ. ಮೀಟರ್ ಹಿಂದ ತಿರುವ್ಯಾರ," ಅಂದ. ಅವತ್ತಿನಿಂದ ಚೌಡಾಪುರದ ಮಹೇಶಕುಮಾರ ಅಂದರೆ ನೆರಳನ್ನೂ ತಿರುವಿ ನೋಡುವವನು ಅಂತ ಹೆಸರಾಗಿದೆ.

ಇವಳ ಮೀಟರಿನಲ್ಲಿ ನಾಲ್ಕು ಸಾವಿರದ ನೂರ ಅರವತ್ತು ಅಂತ ಇತ್ತು.

"ಮೀಟರ್ ಖರೇ ಹೇಳ್ತದೇನ್ರಿ?"

"ಇಲ್ರಿ. ಹೋದ ವರ್ಷದ ಆಚಿ ವರ್ಷ ಕೇಬಲ್ ಹರದು ಆರು ತಿಂಗಳ ನಿಂತಿತ್ತು. ಅದಕ್ಕ ನೀವು ಇನ್ನ ಐನೂರು ತಾಸು ಕೂಡಸ್ಕೋರಿ."

ಮಾರುವವರು ಕಳೆಯುವುದನ್ನು ನೋಡಿದ್ದೆ, ಕೂಡಿಸುವುದನ್ನು ನೋಡಿರಲಿಲ್ಲ. ನನ್ನ ಅನುಮಾನ ದುಪ್ಪಟ್ಟಾಯಿತು. ಐನೂರು ತಾಸನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವಳು ಅದರ ಹಿಂದೆ ಏನನ್ನು ಮುಚ್ಚಿಡುತ್ತಿದ್ದಾಳೆ?

"ಮತ್ತೇನು ದೋಷ ಅದ?"

"ಎಡಗಡಿ ಬ್ರೇಕ್ ಮೆತ್ತಗ ಅದ. ಲಿಫ್ಟ್ ಎತ್ತಿ ಬಿಟ್ರ ಅರ್ಧ ತಾಸಿಗಿ ಎರಡು ಬೆರಳು ಇಳೀತದ. ಮಳಿ ಬಂದ್ರ ಹಾರ್ನ್ ತಾನೇ ಹೊಡ್ಕೊಂತದ." ಅವಳು ಬಾನೆಟ್ ಕಡೆ ಕೈ ತೋರಿಸಿದಳು. "ನೀವು ಇನ್ನೂ ಬ್ಯಾರೆ ಹುಡುಕಬೇಕಂದ್ರ ಹುಡುಕ್ರಿ. ಇಂಜಿನ್ ತಣ್ಣಗ ಇದ್ದಾಗ ನೋಡಬೇಕಂದ್ರ ನಾಳಿಗಿ ಮುಂಜಾನಿ ಐದಕ್ಕ ಬರ್ರಿ."

ಯಾರೂ ಬರುವುದಿಲ್ಲ ಅಂತ ತಿಳಿದು ಹಾಗೆ ಹೇಳಿದ್ದಳು. ಚೌಡಾಪುರದಿಂದ ಬೈಕಿನ ಮೇಲೆ ಒಂದು ತಾಸಿಗೂ ಹೆಚ್ಚಿನ ದಾರಿ. ನಾನು ಐದಕ್ಕೆ ಹತ್ತು ನಿಮಿಷ ಇರುವಾಗಲೇ ಅವರ ಕೊಟ್ಟಿಗೆಯ ಮುಂದೆ ನಿಂತಿದ್ದೆ.

ಅವಳು ಬಾಗಿಲು ತೆರೆದು ಹೊರಗೆ ಬಂದಳು. ಮುಖ ತೊಳೆದಿದ್ದಳು, ಧೂಳಿಲ್ಲದ ಆ ಮುಖವನ್ನು ಗುರುತು ಹಿಡಿಯಲು ನನಗೆ ಎರಡು ಕ್ಷಣ ಬೇಕಾಯಿತು. ಕೂದಲಿನಿಂದ ನೀರಿನ ಹನಿಯೊಂದು ಕೊರಳಿಗಿಳಿದು ಅಂಗಿಯ ಕಾಲರಿನಲ್ಲಿ ಮರೆಯಾಯಿತು. ನಾನು ಬಾನೆಟ್ ನೋಡಲು ಬಂದವನು ಅಂತ ನೆನಪು ಮಾಡಿಕೊಂಡೆ.

"ಮುಟ್ಟಿ ನೋಡ್ರಿ," ಅಂದಳು.

ಮುಟ್ಟಿದೆ. ತಣ್ಣಗಿತ್ತು.

"ರಾತ್ರಿ ಎಲ್ಲಾ ಅದರ ಮ್ಯಾಲ ಬರ್ಫ್ ಇಟ್ಟಿದ್ದೆ ಅಂತ ಅನಸಾಕತ್ತದೇನು?"

"ಹಂಗೇನಿಲ್ರಿ," ಅಂದೆ. ಖರೇ ಹೇಳಬೇಕೆಂದರೆ ಕೈ ಒದ್ದೆಯಾಗಿದೆಯೇ ಅಂತ ಒಮ್ಮೆ ನೋಡಿಕೊಂಡಿದ್ದೆ. ಅವಳು ಅದನ್ನು ನೋಡಿದಳು. ತುಟಿಯ ಒಂದು ಬದಿ ಮಾತ್ರ ಮೇಲಕ್ಕೆ ಹೋಯಿತು.

ಕೀಲಿ ತಿರುವಿದೆ. ಎರಡನೇ ಏಟಿಗೆ ಎದ್ದಿತು. ಬಿಳಿ ಹೊಗೆ ಸ್ವಲ್ಪ ಬಂದು ಸ್ವಚ್ಛವಾಯಿತು. ಅಷ್ಟು ಒಳ್ಳೆಯ ಇಂಜಿನ್ ದನಿ ಕೇಳಿ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಎಲ್ಲ ಸರಿಯಿದ್ದರೆ ನಾಳೆ ಬರಲು ಕಾರಣವೇ ಇರುವುದಿಲ್ಲವಲ್ಲ ಅನ್ನುವ ಒಂದು ಹೊಸ ಚಿಂತೆ ಎದೆಯಲ್ಲಿ ಹುಟ್ಟಿತು. ಅದನ್ನೂ ಅನುಮಾನದಿಂದಲೇ ನೋಡಿದೆ.

"ಲಿಫ್ಟ್ ನೋಡಬೇಕ್ರಿ," ಅಂದೆ. "ಐತ್ವಾರ ಬರ್ತೇನಿ."

ಭಾನುವಾರ ಲಿಫ್ಟಿಗೆ ಕಲ್ಟಿವೇಟರ್ ಕಟ್ಟಿ ಮೇಲೆತ್ತಿದೆವು. ನೆಲದಿಂದ ಎಷ್ಟು ಎತ್ತರ ಅಂತ ಟೇಪು ಹಿಡಿದು ಅಳೆದೆ. ಇನ್ನು ಅರ್ಧ ತಾಸು ಕಾಯಬೇಕು. ಎಷ್ಟು ಕೆಳಗೆ ಬರುತ್ತದೋ ಅಷ್ಟು ಪಂಪು ಸವೆದಿದೆ ಅಂತ ಲೆಕ್ಕ. ಅವಳು ಕಟ್ಟೆಯ ಆ ಬದಿಗೆ, ನಾನು ಈ ಬದಿಗೆ. ನಡುವೆ ಅವರವ್ವ ಸುಭದ್ರಾಬಾಯಿ ತಂದಿಟ್ಟ ಹುರಿದ ಶೇಂಗಾ, ಎರಡು ಕಪ್ ಚಾ.

ನಾನು ಕಲ್ಟಿವೇಟರನ್ನು ನೋಡುತ್ತಿದ್ದೆ. ಅಂದರೆ ಕಲ್ಟಿವೇಟರಿನ ಕಡೆಗೆ ಮುಖ ಮಾಡಿದ್ದೆ. ಅವಳು ಶೇಂಗಾ ಸುಲಿಯುವ ರೀತಿ ಬೇರೆಯೇ ಇತ್ತು. ಹೆಬ್ಬೆರಳಿನಿಂದ ಒಂದೇ ಒತ್ತು, ಸಿಪ್ಪೆ ಎರಡಾಗಿ ಬೀಳುತ್ತಿತ್ತು. ಕಾಳು ಬಾಯಿಗೆ ಹಾಕಿಕೊಳ್ಳುವಾಗ ಮಾತ್ರ ಕಣ್ಣು ಎತ್ತುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ನನ್ನ ಕಣ್ಣು ಅಲ್ಲಿರುತ್ತಿತ್ತು. ಹೀಗೆ ಮೂರು ಸಲ ಆದಮೇಲೆ ಅವಳು ಶೇಂಗಾ ಬಿಟ್ಟಳು.

"ನೀವೂ ದಲಾಲ್ರೇನು?"

"ನಾನೇನ್ರಿ? ರೈತ."

"ಮೂರು ಸಲ ಬಂದೀರಿ. ರೈತರು ಒಂದು ಸಲ ಬರ್ತಾರ, ಬಯ್ತಾರ, ಬೆಲಿ ಹೇಳ್ತಾರ, ಹೋಗ್ತಾರ. ನೀವು ಬಯ್ಯಂಗೂ ಇಲ್ಲ, ಬೆಲಿನೂ ಹೇಳಂಗಿಲ್ಲ. ಆಧಾರ್ ತೋರಸ್ರಿ."

ತೋರಿಸಿದೆ. ಫೋಟೋ ಹೊಡೆದುಕೊಂಡಳು. ಪಹಣಿ ಕೇಳಿದಳು, ಫೋನಿನಲ್ಲಿದ್ದದ್ದನ್ನು ತೋರಿಸಿದೆ. ಅದನ್ನೂ ಓದಿದಳು, ಸರ್ವೆ ನಂಬರ್ ಸಮೇತ. ನನ್ನ ಬೈಕಿನ ಹತ್ತಿರ ಹೋಗಿ ನಂಬರ್ ಪ್ಲೇಟಿನ ಫೋಟೋ ಕೂಡ ಹೊಡೆದು ಬಂದಳು. ಜೀವನದಲ್ಲಿ ಮೊದಲ ಸಲ ನನಗಿಂತ ಅನುಮಾನದ ಮನುಷ್ಯರನ್ನು ನೋಡಿದ್ದೆ. ನನಗೆ ಎಷ್ಟು ಹಿತವಾಯಿತೆಂದರೆ, ನಗು ಬರುತ್ತದೆಂದು ಚಾದ ಕಪ್ಪು ಬಾಯಿಗೆ ಅಡ್ಡ ಹಿಡಿದೆ.

"ಮನ್ಯಾಗ ಯಾರ್ಯಾರದಾರ?"

"ಅವ್ವ, ಅಣ್ಣ, ವೈನಿ."

"ನಿಮ್ಮ ಮನಿಯವ್ರು?"

"ಇನ್ನಾ ಮದುವಿ ಆಗಿಲ್ರಿ."

"ಯಾಕ? ಅಲ್ಲೂ ಬಾನೆಟ್ ಎತ್ತಿ ನೋಡಾಕ ಹೋಗಿದ್ರೇನು?"

ಒಳಗಿನಿಂದ ಸುಭದ್ರಾಬಾಯಿ, "ಭುವನಾ, ನಾಲಿಗಿ ಹಿಡಿ ಬೇ," ಅಂದದ್ದು ಕೇಳಿಸಿತು. ಹಿಡಿದಳು. ಕಣ್ಣನ್ನು ಹಿಡಿಯಲಿಲ್ಲ.

ಅರ್ಧ ತಾಸಾಯಿತು. ಟೇಪು ಹಿಡಿದೆ. ಎರಡು ಬೆರಳು ಇಳಿದಿತ್ತು. ಅವಳು ಹೇಳಿದಷ್ಟೇ, ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ. ಸುಳ್ಳು ಹೇಳದ ಮನುಷ್ಯರ ಮುಂದೆ ನಿಂತು ಅಭ್ಯಾಸವಿಲ್ಲದ ನನಗೆ ಮುಂದೇನು ಕೇಳಬೇಕೋ ತಿಳಿಯಲಿಲ್ಲ.

"ವ್ಯಾಪಾರ ಮಾತಾಡೋಣ್ರಿ," ಅಂದೆ.

ವ್ಯಾಪಾರಕ್ಕೆ ದತ್ತಪ್ಪ ಬಂದ. ಮೂವತ್ತು ವರ್ಷ ಆಳಂದದ ದನದ ಸಂತೆಯಲ್ಲಿ ಎತ್ತು ಮಾರಿಸಿದವನು. ಎತ್ತು ಕಡಿಮೆಯಾದಮೇಲೆ ಟ್ರ್ಯಾಕ್ಟರಿಗೆ ಇಳಿದಿದ್ದ. ಆದರೆ ಪದ್ಧತಿ ಬಿಟ್ಟಿರಲಿಲ್ಲ. ಬೆಲೆಯನ್ನು ಬಾಯಿಂದ ಆಡುವುದು ಅವನಿಗೆ ಅಸಹ್ಯ. ಹೆಗಲ ಮೇಲಿನ ಟವೆಲ್ ತೆಗೆದು ಮುಂದೆ ಚಾಚಿದ. ಕೊಳ್ಳುವವನು, ಮಾರುವವನು ಅದರ ಕೆಳಗೆ ಒಬ್ಬೊಬ್ಬರಾಗಿ ದಲಾಲನ ಕೈಗೆ ಕೈ ಕೊಡಬೇಕು. ಬೆರಳು ಹಿಡಿದಷ್ಟು ಬೆಲೆ. ಸುತ್ತ ಎಷ್ಟು ಜನ ನಿಂತಿದ್ದರೂ ಎಷ್ಟಕ್ಕೆ ಮುಗಿಯಿತು ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ.

ಕಟ್ಟೆಯ ಸುತ್ತ ಆಗಲೇ ಎಂಟು ಹತ್ತು ಮಂದಿ ಸೇರಿದ್ದರು.

"ಕೊಡ್ರಿ ಕೈ," ಅಂದ ದತ್ತಪ್ಪ.

ನಾನು ಕೊಡಲಿಲ್ಲ. "ಕಾಕಾ, ನೀ ನನ್ನ ಕೈಯಾಗ ಒಂದು ಹಿಡೀತಿ, ಅವರ ಕೈಯಾಗ ಒಂದು ಹಿಡೀತಿ. ನಡುವಿಂದು ಯಾರ ಕಿಸೇಕ ಹೋಗ್ತದ?"

ದತ್ತಪ್ಪನ ಮುಖ ಕೆಂಪಾಯಿತು. "ನಿನ್ನಂಥಾ ಸಂಶಯದ ಮನಷ್ಯಾನ ನಾ ನೋಡಿಲ್ಲಪಾ," ಅಂದ. ವ್ಯಾಪಾರ ಅಲ್ಲೇ ಮುರಿಯುವಂತಿತ್ತು.

ಭುವನೇಶ್ವರಿ ಕಟ್ಟೆಯಿಂದ ಇಳಿದು ಬಂದಳು. ದತ್ತಪ್ಪನ ಕೈಯಿಂದ ಟವೆಲ್ ತಗೊಂಡು ತನ್ನ ಬಲಗೈ ಮೇಲೆ ಹಾಸಿಕೊಂಡಳು. "ಕಾಕಾನ ಕೈ ಬ್ಯಾಡಂದ್ರ ನನ್ನ ಕೈಯಾಗ ಹಿಡೀರಿ. ಕಾಕಾ, ನಿನ್ನ ದಲಾಲಿ ನಿನಗ ಮುಟ್ತದ, ಸುಮ್ಮ ಕೂಡು."

ಆ ಊರಿನಲ್ಲಿ ಹೆಣ್ಣುಮಗಳೊಬ್ಬಳು ಟವೆಲ್ಲಿನ ಕೆಳಗೆ ಕೈ ಇಟ್ಟದ್ದು ಅದೇ ಮೊದಲು ಇರಬೇಕು. ಸುಭದ್ರಾಬಾಯಿ ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದರು. ನಾನು ಕೈ ಒಳಗೆ ತೂರಿಸಿದೆ.

ಅವಳ ಕೈ ಬೆಚ್ಚಗಿತ್ತು. ಹೆಬ್ಬೆರಳಿನ ಬುಡದಲ್ಲಿ ಗಟ್ಟಿ ಗುಳ್ಳೆ. ಎರಡು ವರ್ಷ ಸ್ಟೇರಿಂಗ್ ಹಿಡಿದದ್ದು. ನನ್ನ ಮೂರು ಬೆರಳು ಹಿಡಿದಳು: ಮೂರು ಲಕ್ಷ. ಆಮೇಲೆ ಇಡೀ ಪಂಜ, ಅಂದರೆ ಐದು, ಅದರ ಮೇಲೆ ಮತ್ತೆ ಮೂರು: ಎಂಬತ್ತು ಸಾವಿರ. ನಾನು ಅವಳ ಮೂರು ಬೆರಳು ಹಿಡಿದೆ, ಆಮೇಲೆ ಎರಡು. ಅವಳು ನನ್ನ ಹೆಬ್ಬೆರಳಿಗೆ ಉಗುರಿನಿಂದ ಚುಚ್ಚಿದಳು. ಅದು ಯಾವ ಸಂತೆಯ ಲೆಕ್ಕದಲ್ಲೂ ಇಲ್ಲ.

ಮುಖ ಮಾತ್ರ ಇಬ್ಬರದೂ ಕಲ್ಲಿನಂತೆ. ಅವಳು ನನ್ನ ಭುಜದ ಆಚೆಗೆ ಬೇವಿನ ಮರ ನೋಡುತ್ತಿದ್ದಳು, ನಾನು ಅವಳ ಕಿವಿಯ ಓಲೆಯ ಹತ್ತಿರ ಗಾಳಿಗೆ ಆಡುತ್ತಿದ್ದ ಕೂದಲು ನೋಡುತ್ತಿದ್ದೆ. ಕೆಳಗೆ ಬೆರಳುಗಳು ಜಗಳಾಡುತ್ತಿದ್ದವು. ಅವಳು ಎಪ್ಪತ್ತಕ್ಕೆ ಇಳಿದಳು, ನಾನು ನಲವತ್ತಕ್ಕೆ ಏರಿದೆ. ಕೊನೆಗೆ ನಾನು ಅವಳ ಪಂಜ ಹಿಡಿದೆ: ಐವತ್ತು. ಅವಳು ಅಲುಗಲಿಲ್ಲ. ಇಲ್ಲ ಅನ್ನಲೂ ಇಲ್ಲ, ಹೂಂ ಅನ್ನಲೂ ಇಲ್ಲ. ಬಿಡಬೇಕಿತ್ತು, ಬಿಡಲಾಗಲಿಲ್ಲ. ಬಿಡದೆ ಇರಲು ಒಂದೇ ದಾರಿ, ಇನ್ನೊಮ್ಮೆ ಅದೇ ಪಂಜ ಹಿಡಿಯುವುದು. ಹಿಡಿದೆ. ಹತ್ತು ಸಾವಿರದ ಲೆಕ್ಕ ಮುಗಿದಿತ್ತು, ಇದು ಬಿಡಿ ಸಾವಿರದ್ದು: ಮೇಲೆ ಐದು ಸಾವಿರವಾಯಿತು.

ನೂರು ರೂಪಾಯಿಗೆ ಅರ್ಧ ತಾಸು ವಾದ ಮಾಡುವ ನಾನು, ಒಂದು ಕೈಯನ್ನು ಇನ್ನೊಂದು ಗಳಿಗೆ ಹಿಡಿದಿರಲು ಐದು ಸಾವಿರ ಕೊಟ್ಟೆ.

"ಬೆರಳು ಎಣಸಾಕ ಇಷ್ಟು ಹೊತ್ತು ಬೇಕೇನ್ರಿ?" ಅಂದಳು ಅವಳು, ಎಲ್ಲರಿಗೂ ಕೇಳುವಂತೆ. ಜನ ನಕ್ಕರು. ಅವಳು ನಗಲಿಲ್ಲ, ಆದರೆ ಕಿವಿಯ ತುದಿ ಕೆಂಪಗಾಗಿತ್ತು. ಟವೆಲ್ ಕೊಡವಿ ದತ್ತಪ್ಪನ ಹೆಗಲಿಗೆ ಹಾಕಿ, "ಕೊಟ್ಟೇನಿ," ಅಂದಳು.

ರೊಕ್ಕ ಬ್ಯಾಂಕಿನಿಂದ ಅವಳ ಖಾತೆಗೆ ಹೋಯಿತು. ಕಾಗದಗಳಿಗೆ ಸಹಿ ಹಾಕಿದಳು. ಕೀಲಿ ಕೊಡುವ ಮುಂಚೆ ಒಂದು ಮಾತು ಕೇಳಿಸಿಕೊಳ್ಳಿ ಅಂದಳು. ಆ ಮಾತು ಹೇಳುವಾಗ ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

"ಹದಿನೈದು ದಿನದಾಗ ಇದು ನಿಮ್ಮ ಹೆಸರಿಗಿ ಆಗಬೇಕು. ಆಗಿದ್ದ ಕಾಗದ ನನಗ ತೋರಸಬೇಕು. ಬ್ಯಾರೆ ಏನರ ತಪ್ಪಿದ್ರ ನಡೀತದ, ಇದು ತಪ್ಪಬಾರ್ದು."

"ಆಗ್ತದ್ರಿ," ಅಂದೆ. ಅವತ್ತು ಖರೇನೇ ಹೇಳಿದ್ದೆ.

ಹದಿನೈದನೇ ದಿನ ನನಗೆ ಬಿಡುವಿರಲಿಲ್ಲ. ತೊಗರಿ ಬಿತ್ತುವ ಹದ. ಹದಿನಾರನೇ ದಿನ ಸೋಮವಾರ ಮುಂಜಾನೆ ಫೋನ್ ಬಂತು.

"ಆತೇನ್ರಿ?"

ಆ ಮೂರು ಅಕ್ಷರದ ಪ್ರಶ್ನೆ ಕೇಳಿ ನನ್ನ ಎದೆ ಹೊಡೆದುಕೊಂಡ ರೀತಿ ನನಗೇ ಹೊಸದು. "ಬಿತ್ತಗಿ ನಡದದ್ರಿ, ಮುಂದಿನ ವಾರ ಮಾಡಸ್ತೇನಿ," ಅಂದೆ. ಬಯ್ದಳು. ಬಯ್ದಮೇಲೆ, "ಗಾಡಿ ಹೆಂಗದ?" ಅಂತ ಕೇಳಿದಳು. ಹೇಳಿದೆ. ಫೋನ್ ಇಟ್ಟಮೇಲೆ ಬದುವಿನ ಮೇಲೆ ಹತ್ತು ನಿಮಿಷ ಸುಮ್ಮನೆ ಕೂತಿದ್ದೆ.

ಮುಂದಿನ ಸೋಮವಾರವೂ ಫೋನ್ ಬಂತು. ಸಾರಿಗೆ ಕಚೇರಿಯ ಸರ್ವರ್ ನಡೆಯುತ್ತಿಲ್ಲ ಅಂದೆ. ಅದರ ಮುಂದಿನ ವಾರ ಸಾಹೇಬರು ರಜೆ. ಆಮೇಲೆ ಇನ್ಶೂರೆನ್ಸಿನ ಕಾಗದದಲ್ಲಿ ಹೆಸರಿನ ತಪ್ಪು. ಸುಳ್ಳು ಹೇಳುವವರನ್ನು ಕಂಡರಾಗದ ನಾನು ವಾರಕ್ಕೊಂದು ಸುಳ್ಳು ತಯಾರು ಮಾಡಿ ಸೋಮವಾರಕ್ಕೆ ಕಾಯತೊಡಗಿದೆ. ಒಮ್ಮೆ ಹೆಸರು ಬದಲಾಗಿಬಿಟ್ಟರೆ ಅವಳು ಫೋನ್ ಮಾಡಲು ಕಾರಣವೇನಿದೆ? ಮೊದಲು ಬೈಗುಳ ಐದು ನಿಮಿಷ, ಮಾತು ಒಂದು ನಿಮಿಷ ಇತ್ತು. ಬರಬರುತ್ತಾ ಬೈಗುಳ ಒಂದು ನಿಮಿಷ, ಮಾತು ಅರ್ಧ ತಾಸು ಆಯಿತು. ಬೇಳೆಯ ಮಿಷನ್ ಬಂದಿತ್ತು. ಮೊದಲ ದಿನ ಬೇಳೆ ಪುಡಿಪುಡಿಯಾಗಿ, ಅವರವ್ವ ಅದರಲ್ಲೇ ವಾರವಿಡೀ ಹುಳಿಪಲ್ಯ ಮಾಡಿದ್ದನ್ನು ಹೇಳಿ ನಕ್ಕಳು. ಅವಳು ನಕ್ಕದ್ದು ನಾನು ಕೇಳಿದ್ದು ಅದೇ ಮೊದಲು.

ಹತ್ತು ಸೋಮವಾರ ಹೀಗೆ ಕಳೆದವು. ಹನ್ನೊಂದನೆಯ ಸೋಮವಾರ ಫೋನ್ ಬರಲಿಲ್ಲ.

ಮಧ್ಯಾಹ್ನ ಚೌಡಾಪುರದ ಬಸ್ಸಿನಿಂದ ಅವಳೇ ಇಳಿದಳು. ನಾನು ರಸ್ತೆಯ ಬದಿಯ ಹೊಟೇಲಿನ ಮುಂದೆ ಚಾ ಕುಡಿಯುತ್ತಿದ್ದೆ. ಸಂತೋಷದಿಂದ ಎದ್ದು ನಿಂತೆ. ಅವಳ ಮುಖ ನೋಡಿ ಕಪ್ಪು ಕೆಳಗಿಟ್ಟೆ.

ಫೋನನ್ನು ನನ್ನ ಮುಂದೆ ಹಿಡಿದಳು. ದಂಡದ ಮೆಸೇಜು. ಹಿಂದಿನ ಶನಿವಾರ ಅಫಜಲಪುರದಿಂದ ಗೊಬ್ಬರ ತರುವಾಗ ಟ್ರೇಲರಿಗೆ ಹಿಂದಿನ ದೀಪ ಇಲ್ಲವೆಂದು ಪೊಲೀಸರು ಫೋಟೋ ಹೊಡೆದುಕೊಂಡಿದ್ದರು. ಗಾಡಿ ಅವಳ ಹೆಸರಿನಲ್ಲಿತ್ತು. ದಂಡ ಅವಳ ನಂಬರಿಗೆ ಹೋಗಿತ್ತು.

"ನಾನು ಕಟ್ತೇನಿ, ಈಗಿಂದೀಗ ಕಟ್ತೇನಿ," ಅಂದೆ.

"ದಂಡ ನಾ ಕಟ್ಟೇ ಬಂದೇನಿ. ಅದಕ್ಕಲ್ಲ ಬಂದಿದ್ದು. ಮುಂಜಾನಿ ಆರ್‌ಟಿಒ ಆಫೀಸಿನಾಗ ಕೇಳ್ದೆ. ಸರ್ವರ್ ಒಂದು ದಿನಾನೂ ಬಂದ್ ಆಗಿಲ್ಲ. ನೀವು ಅರ್ಜೀನೇ ಹಾಕಿಲ್ಲ." ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಯಾಕ ಹಾಕಿಲ್ಲ?"

ಇನ್ನೊಂದು ಸುಳ್ಳು ತಯಾರಿತ್ತು. ಅವಳ ಕಣ್ಣು ನೋಡಿ ಅದು ಬಾಯಿಗೆ ಬರಲಿಲ್ಲ.

"ಹೆಸರು ಬದಲಾದ್ರ ನೀವು ಫೋನ್ ಮಾಡಂಗಿಲ್ಲ ಅಂತ," ಅಂದೆ. "ನಿಮ್ಮ ಫೋನಿನ ಸಲುವಾಗಿ."

ಕೆಂಪಾಗುತ್ತಾಳೆ ಅಂದುಕೊಂಡಿದ್ದೆ, ಮೂರ್ಖ ನಾನು. ಅವಳು ಬಿಳಿಚಿಕೊಂಡಳು. ಬೆಂಚಿನ ಮೇಲೆ ಕೂತಳು.

"ನಮ್ಮಪ್ಪ ಒಂದು ಟೆಂಪೋ ಮಾರಿದ್ದ. ಬ್ಯಾರೆ ಊರಂವಗ. ನಾಳಿಗಿ ಹೆಸರಿಗಿ ಮಾಡಸ್ತೇನಿ ಅಂತ ಆರು ತಿಂಗಳ ಹೇಳ್ದ ಅಂವ. ಆಮ್ಯಾಲ ಟೆಂಪೋ ಒಬ್ಬ ಮುದುಕನ ಮ್ಯಾಲ ಹೋತು. ಹೊಡದಂವ ಓಡಿಹೋದ. ಗಾಡಿ ನಮ್ಮಪ್ಪನ ಹೆಸರಿನಾಗ ಇತ್ತು. ನಾಕು ವರ್ಷ ಕೋರ್ಟಿಗಿ ಅಡ್ಡಾಡಿದ. ಹೊಡೀಲಾರದ ಗಾಡಿಗಿ ಕೈ ಕಟ್ಕೊಂಡು ನಿಂತ. ಕೇಸ್ ಮುಗಿಯೂಕಿಂತ ಮೊದಲ ಅಂವಾ ಮುಗ್ದ." ಅವಳು ಫೋನನ್ನು ಚೀಲದಲ್ಲಿ ಹಾಕಿಕೊಂಡಳು. "ಶನಿವಾರ ಆ ಮೆಸೇಜ್ ಬಂದಾಗ ನಮ್ಮವ್ವ ಊಟ ಬಿಟ್ಟಾಳ. ದೀಪ ಇಲ್ಲದ ಗಾಡಿಗಿ ಯಾರರ ಬಂದು ಹಾಯ್ದಿದ್ರ, ಅಂತ. ಇದನ್ನ ನೀವು ಪ್ರೀತಿ ಅಂದ್ಕೊಂಡಿರಬೇಕು. ನಿಮ್ಮ ಪ್ರೀತಿ ನನ್ನ ಹೆಸರ ಮ್ಯಾಲ ಓಡ್ಯಾಡಾಕತ್ತಿತ್ತು."

ಮೀಟರ್ ತಿರುವಿದವನನ್ನು ಮೂರು ವರ್ಷ ಶಪಿಸಿದವನು ನಾನು. ಅವನು ನನ್ನ ರೊಕ್ಕ ತಿಂದಿದ್ದ. ನಾನು ಇವಳ ನಿದ್ದೆ ತಿಂದಿದ್ದೆ, ಅದೂ ಮುದ್ದಿನ ಹೆಸರಿನಲ್ಲಿ.

"ತಪ್ಪಾತ್ರಿ," ಅಂದೆ.

"ನನ್ನ ಹೆಸರು ತಗಸ್ರಿ. ಆಮ್ಯಾಲ ನನ್ನ ನಂಬರ್ ತಗೀರಿ."

ಎದುರು ದಿಕ್ಕಿನ ಬಸ್ಸು ಬಂತು. ಅವಳು ಹತ್ತಿದಳು. ಕಿಟಕಿಯ ಹತ್ತಿರ ಕೂತಳು, ಆದರೆ ಈ ಕಡೆಯ ಕಿಟಕಿಯಲ್ಲ.

ಮರುದಿನವೇ ಕಲಬುರಗಿಗೆ ಹೋಗಿ ಸಾರಿಗೆ ಕಚೇರಿಯ ಎದುರು ಅರ್ಜಿ ತುಂಬುವ ಮುಜಮ್ಮಿಲನ ಅಂಗಡಿಯಲ್ಲಿ ಕೂತೆ. ಮುಜಮ್ಮಿಲ ಎಲ್ಲ ತುಂಬಿ, "ಭಾಯ್, ಮಾರಿದವ್ರ ಫೋನಿಗಿ ಓಟಿಪಿ ಹೋಗ್ತದ. ಕೇಳ್ರಿ," ಅಂದ.

ಫೋನ್ ಮಾಡಿದೆ. ಏಳು ಸಲ ಬಾರಿಸಿದಮೇಲೆ ಎತ್ತಿದಳು.

"ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ಅದರಾಗೇ ಬರದದ," ಅಂದಳು. "ನಿಮಗಂತೂ ಹೇಳಂಗಿಲ್ಲ."

"ಮತ್ತ ಹೆಂಗ್ರಿ?"

"ಗುರುವಾರ ನಾನೇ ಬರ್ತೇನಿ. ನನ್ನ ಕಣ್ಣ ಮುಂದ ಆಗ್ಲಿ."

ಗುರುವಾರ ಒಂದೇ ದಿನದಲ್ಲಿ ಮುಗಿಯಲೆಂದು ಟ್ರ್ಯಾಕ್ಟರನ್ನೂ ನಸುಕಿನಲ್ಲಿ ಓಡಿಸಿಕೊಂಡೇ ಹೋದೆ. ಟ್ರೇಲರಿಗೆ ಹೊಸ ದೀಪ ಹಾಕಿಸಿದ್ದೆ. ಅವಳು ಹತ್ತಕ್ಕೆ ಬಂದಳು. ನಮಸ್ಕಾರ ಕೂಡ ಮಾಡಲಿಲ್ಲ. ಮುಜಮ್ಮಿಲನ ಪರದೆಯ ಮೇಲಿನ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದಳು. ಓಟಿಪಿ ಬಂದಾಗ ಇನ್ನೊಂದು ಕೈ ಅಡ್ಡ ಹಿಡಿದು ತಾನೇ ಒತ್ತಿದಳು. ಇನ್ಸ್‌ಪೆಕ್ಟರ್ ಬಂದು ಚಾಸಿಯ ನಂಬರ್ ತಾಳೆ ನೋಡಿ ಹೋದರು. ಆಮೇಲೆ ಕಾಯುವುದಷ್ಟೇ ಉಳಿಯಿತು. ಒಂದೇ ಬೆಂಚಿನ ಎರಡು ತುದಿಯಲ್ಲಿ ಐದು ತಾಸು ಕೂತೆವು. ಅವಳು ಕಟ್ಟಿ ತಂದ ರೊಟ್ಟಿ ಬಿಚ್ಚಿದಳು, ಒಂದನ್ನು ಮುಜಮ್ಮಿಲನಿಗೆ ಕೊಟ್ಟಳು. ನನಗೆ ಕೊಡಲಿಲ್ಲ. ಸರಿಯೇ ಇತ್ತು.

ನಾಲ್ಕು ಗಂಟೆಗೆ ಇಬ್ಬರ ಫೋನೂ ಒಟ್ಟಿಗೆ ಸದ್ದು ಮಾಡಿದವು. ಟ್ರ್ಯಾಕ್ಟರ್ ನನ್ನ ಹೆಸರಿಗೆ ಆಗಿತ್ತು.

ಅವಳು ಮೆಸೇಜನ್ನು ಎರಡು ಸಲ ಓದಿದಳು. ಭುಜಗಳು ಇಳಿದವು. ಇಷ್ಟು ದಿನ ಆ ಭುಜಗಳು ಎತ್ತಿಕೊಂಡೇ ಇದ್ದವು ಅನ್ನುವುದು ಆಗ ನನಗೆ ಕಂಡಿತು.

ಫೋನ್ ಅವಳ ಕಡೆಗೆ ತಿರುಗಿಸಿ, ಅವಳು ನೋಡುತ್ತಿರುವಂತೆಯೇ ನಂಬರ್ ಅಳಿಸಿದೆ.

"ಅಳಿಸೇನಿ. ಆದ್ರ ಬಾಯಿಪಾಠ ಅದ. ಅದನ್ನ ಹೆಂಗ ಅಳಸಬೇಕೋ ನನಗ ಗೊತ್ತಿಲ್ಲ. ಸುಳ್ಳು ಹೇಳಬಾರ್ದಂತ ಹೇಳಾಕತ್ತೇನಿ."

ಅವಳು ಎದ್ದು ಹೋಗಲಿಲ್ಲ.

"ಇನ್ನೊಂದು ಮಾತು ಹೇಳಿಬಿಡ್ತೇನಿ," ಅಂದೆ. "ಈಗ ನನ್ನ ಕೈಯಾಗ ನಿಮ್ಮದೇನೂ ಇಲ್ಲ. ಹೆಸರಿಲ್ಲ, ಕಾಗದ ಇಲ್ಲ. ನೀವು ಹಿಂಗೇ ಎದ್ದು ಹೋದ್ರ ನಾ ತಡೀಯಂಗಿಲ್ಲ. ನನಗ ನೀವಂದ್ರ ಪ್ರೀತಿ ಅದ. ಮದುವಿ ಮಾಡ್ಕೊಂಡ್ರ ನಿಮ್ಮನ್ನೇ ಮಾಡ್ಕೋಬೇಕಂತ ಅನಸ್ತದ. ಮೊದಲ ಹಿಂಗ ನೆಟ್ಟಗ ಹೇಳಬೇಕಿತ್ತು. ಅಂಜಿ ಕಳ್ಳದಾರಿ ಹಿಡದೆ."

ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ಮೊದಲ ದಿನ ತಲೆಯಿಂದ ಚಪ್ಪಲಿಯವರೆಗೆ ನೋಡಿದ್ದಳಲ್ಲ, ಹಾಗಲ್ಲ. ಕಣ್ಣಲ್ಲಿ ಕಣ್ಣಿಟ್ಟು.

"ಇದು ಇನ್ನೊಂದು ಆಟ ಅಲ್ಲಂತ ಹೆಂಗ ನಂಬ್ಲಿ?"

"ನಂಬ್ರಿ ಅಂತ ಹೇಳಾಕ ನನಗ ಮುಖ ಇಲ್ಲ."

"ಅಪ್ಪಗ ಆ ಟೆಂಪೋದಂವ ಹೇಳಿದ್ದು ಎಲ್ಲಾ ಇಬ್ರೇ ಇದ್ದಾಗ ಹೇಳಿದ್ದ. ಕೋರ್ಟಿನಾಗ ನಾ ಹೇಳೇ ಇಲ್ಲ ಅಂದ." ಅವಳು ಫೋನ್ ತೆಗೆದಳು. "ಇಬ್ರೇ ಇದ್ದಾಗ ಹೇಳಿದ್ದು ಮಾತಲ್ಲ. ನನಗ ಸಾಕ್ಷಿ ಬೇಕು."

ನನಗೆ ತಿಳಿಯುವ ಮುಂಚೆ ಅವಳು ನಂಬರ್ ಒತ್ತಿ ಸ್ಪೀಕರಿಗೆ ಹಾಕಿ, ಫೋನನ್ನು ಬೆಂಚಿನ ನಡುವೆ ಇಟ್ಟಿದ್ದಳು. ಆ ಕಡೆಯಿಂದ ಬೇಳೆ ಮಿಷನ್ನಿನ ಗದ್ದಲ, ಅದರ ಮೇಲೆ ಸುಭದ್ರಾಬಾಯಿಯವರ ದನಿ. "ಹಲೋ, ಭುವನಾ, ಹೇಳು ಬೇ."

"ಯವ್ವಾ, ಮಿಷನ್ ಆರಸು. ಚೌಡಾಪುರದವ್ರು ಏನೋ ಹೇಳ್ತಾರಂತ. ಮುಜಮ್ಮಿಲಣ್ಣ, ನೀವೂ ಈ ಕಡಿ ಕೇಳ್ರಿ."

ಮುಜಮ್ಮಿಲ ಟೈಪು ಮಾಡುವುದನ್ನು ನಿಲ್ಲಿಸಿ ಕುರ್ಚಿ ತಿರುಗಿಸಿದ. ಅರ್ಜಿ ತುಂಬಿಸಲು ನಿಂತಿದ್ದ ಇಬ್ಬರು ಮುದುಕರೂ ತಿರುಗಿದರು. ಫೋನಿನಲ್ಲಿ ಮಿಷನ್ ಸದ್ದು ನಿಂತಿತು.

ಹೇಳಿದೆ. ಬೆವರುತ್ತಾ, ತಡವರಿಸುತ್ತಾ, ಆದರೆ ಪೂರ್ತಿ ಹೇಳಿದೆ. ನಿಮ್ಮ ಮಗಳಂದ್ರ ನನಗ ಪ್ರೀತಿ ಅದ, ಮದುವಿ ಮಾಡ್ಕೋಬೇಕಂತ ಮಾಡೇನಿ, ಹೆಸರಿನ ವಿಷಯದಾಗ ನಿಮ್ಮಿಬ್ರಿಗೂ ತ್ರಾಸ ಕೊಟ್ಟೇನಿ, ಅದಕ್ಕ ಕ್ಷಮಾ ಕೇಳ್ತೇನಿ.

ಆ 'ಪ್ರೀತಿ' ಅನ್ನುವ ಶಬ್ದ ಆ ಸಣ್ಣ ಅಂಗಡಿಯಲ್ಲಿ ಬಹಳ ದೊಡ್ಡದಾಗಿ ಕೇಳಿಸಿತು. ನಾನು ಅವಳ ಕಡೆ ನೋಡಿದೆ. ಅವಳು ಫೋನನ್ನು ನೋಡುತ್ತಿದ್ದಳು.

"ತಮ್ಮಾ," ಅಂದರು ಸುಭದ್ರಾಬಾಯಿ ಕೊನೆಗೆ. "ಮೊದಲ ಅದು ಹೇಳು. ಟ್ರ್ಯಾಕ್ಟರ್ ನಿನ್ನ ಹೆಸರಿಗಿ ಆತೇನು?"

"ಆತ್ರಿ."

"ಭುವನಾ, ಅಂವ ಹೇಳೂದು ಬಿಡು. ನೀ ನೋಡಿಯೇನು?"

"ನೋಡೇನಿ ಯವ್ವಾ. ಎರಡು ಸಲ ಓದೇನಿ."

ಆ ಕಡೆ ಒಂದು ದೀರ್ಘ ಉಸಿರು. ಎಷ್ಟೋ ವರ್ಷದ್ದು. "ಇಂವ ಹೇಳೂದು ಹೇಳ್ದ. ನಿನಗ ಒಪ್ಪಿಗಿ ಅದೇನು ಬೇ?"

ಮುಜಮ್ಮಿಲ ಕೇಳುತ್ತಿದ್ದ, ಮುದುಕರು ಕೇಳುತ್ತಿದ್ದರು, ನಾನು ಉಸಿರು ಹಿಡಿದಿದ್ದೆ. ಭುವನೇಶ್ವರಿಯ ಕಿವಿಯ ತುದಿಯಿಂದ ಕೆಂಪು ಹೊರಟು ಕೆನ್ನೆಗೆ ಬಂತು. ಅವಳು ನನ್ನ ಕಡೆ ನೋಡದೆ, ಫೋನಿಗೆ ಬಗ್ಗಿ ಹೇಳಿದಳು.

"ಒಪ್ಪಿಗಿ ಇಲ್ಲಂದ್ರ ಸಾಕ್ಷಿ ಯಾಕ ಕೇಳ್ತಿದ್ದೆ ಯವ್ವಾ?"

ಮುಜಮ್ಮಿಲ ಎದ್ದು ಹೋಗಿ ಎಲ್ಲರಿಗೂ ಚಾ ಹೇಳಿ ಬಂದ.